ಮೂಗು ಮೇಸ್ತ್ರಿ

ನಮ್ಮ ಮನೆಯವರ ಹೆಸರು ಹೇಳಿ ಗ್ಯಾರೇಜು ಬೀದಿಯಲ್ಲಿ ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂಗು ಮೇಸ್ತ್ರಿ ಎಲ್ಲಿ ಅಂದರೆ ಪಂಕ್ಚರ್ ಹಾಕುವವನಿಂದ ಹಿಡಿದು ಬ್ಯಾಟರಿ ಮಾರುವವನವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಮೂಗೇನೂ ಅಷ್ಟು ದೊಡ್ಡದಲ್ಲ, ನಾನು ಸರಿಯಾಗಿ ನೋಡಿಯೇ ಮದುವೆಯಾದದ್ದು. ಆ ಹೆಸರು ಬಂದದ್ದು ಮೂಗಿನ ಅಂದಕ್ಕಲ್ಲ, ಅದರ ಕೆಲಸಕ್ಕೆ.

ಇವರದು ಗೇರ್‌ಬಾಕ್ಸ್ ರಿಪೇರಿ. ಅದರಲ್ಲೂ ಕ್ಲಚ್ ತುಳಿಯುವ ಗೋಜಿಲ್ಲದೆ ತಾನಾಗಿಯೇ ಗೇರು ಬದಲಾಗುವ ಆಟೋಮ್ಯಾಟಿಕ್ ಕಾರುಗಳ ರಿಪೇರಿ. ಆ ಪೆಟ್ಟಿಗೆಯೊಳಗೆ ಕೆಂಪು ಎಣ್ಣೆ ಇರುತ್ತದೆ. ಗೇರು ಹಿಡಿಯುವುದು, ಬಿಡುವುದು, ಬಿಸಿ ಏರದೆ ಇರುವುದು ಎಲ್ಲ ಅದರ ಮೇಲೆಯೇ ನಿಂತಿದೆ. ಎಂಜಿನ್ ಎಣ್ಣೆ ಬದಲಾಯಿಸುವುದನ್ನು ಮರೆಯದ ಜನ ಇದನ್ನು ಮಾತ್ರ ಮರೆತೇ ಬಿಡುತ್ತಾರೆ. ಹೊಸದರಲ್ಲಿ ದಾಳಿಂಬೆ ರಸದಂತಿದ್ದದ್ದು ಬರಬರುತ್ತ ಕಂದಾಗುತ್ತದೆ. ಬರೀ ಕಂದಾಗಿದ್ದರೆ ಬದಲಾಯಿಸಿದರಾಯಿತು. ಒಳಗಿನ ಕ್ಲಚ್ ಬಿಲ್ಲೆಗಳು ಸವೆದು ಸುಟ್ಟಿದ್ದರೆ ಮಾತ್ರ ಕಥೆಯೇ ಬೇರೆ. ಆಗ ಹಳೆಯ ಎಣ್ಣೆಯಲ್ಲಿ ತೇಲುವ ಸವಕಲು ಪುಡಿಯೇ ಬಿಲ್ಲೆಗಳಿಗೆ ಒಂದಿಷ್ಟು ಹಿಡಿತ ಕೊಟ್ಟು ಹೇಗೋ ಗಾಡಿ ಓಡಿಸುತ್ತಿರುತ್ತದೆಯಂತೆ. ಅದನ್ನು ಇಳಿಸಿ ನುಣ್ಣನೆಯ ಹೊಸ ಎಣ್ಣೆ ಸುರಿದರೆ ಇದ್ದ ಹಿಡಿತವೂ ಹೋಯಿತು. ಎಂಜಿನ್ ಅರಚಿಕೊಳ್ಳುತ್ತದೆ, ಚಕ್ರ ತಿರುಗುವುದಿಲ್ಲ. ಈ ಮಾತನ್ನು ಒಪ್ಪದ ಮೇಸ್ತ್ರಿಗಳೂ ಇದ್ದಾರೆ. ಇವರು ಅಂಥ ಎಷ್ಟೋ ಗಾಡಿಗಳನ್ನು ಕಣ್ಣಾರೆ ಕಂಡವರು, ಆದ್ದರಿಂದ ಯಾರ ವಾದಕ್ಕೂ ಸೊಪ್ಪು ಹಾಕುತ್ತಿರಲಿಲ್ಲ.

ಹಾಗಾಗಿ ಯಾವ ಕಾರು ಬಂದರೂ ಮೊದಲು ಪರೀಕ್ಷೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಅಳತೆಯ ಕಡ್ಡಿಯನ್ನು ಎಳೆದು, ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಕಣ್ಣು ಮುಚ್ಚಿ ಮೂಗಿಗೆ ಹಿಡಿಯುವುದು. ಆಮೇಲೆ ಒಂದೇ ಮಾತು. 'ಬದಲಾಯಿಸೋಣ' ಅಥವಾ 'ಮುಟ್ಟೋದು ಬೇಡ, ಇರೋಷ್ಟು ದಿನ ಓಡಿಸಿ, ಆಮೇಲೆ ಬಿಚ್ಚೋಣ.' ಬೇರೆ ಗ್ಯಾರೇಜಿನವರೂ ಬಟ್ಟೆ ಚೂರಿಗೆ ಎಣ್ಣೆ ಅದ್ದಿಕೊಂಡು ಇವರ ಹತ್ತಿರ ಬರುತ್ತಿದ್ದರು. ಹಾಗೆ ಬಂದವರ ಮುಂದೆ ಇವರು ಕಣ್ಣು ಮುಚ್ಚುತ್ತಿದ್ದ ಗತ್ತು ನೋಡಬೇಕಿತ್ತು. ನನಗೆ ನಗು ತಡೆಯಲು ಆಗುತ್ತಿರಲಿಲ್ಲ.

ನಮ್ಮ ಮದುವೆಯೂ ಆ ಮೂಗಿನಿಂದಲೇ ಆದದ್ದು. ನಮ್ಮಪ್ಪನ ಕಾರು ಅಂಗಳದಲ್ಲಿ ಕೆಟ್ಟು ನಿಂತಿದ್ದಾಗ ರಿಪೇರಿಗೆ ಬಂದವರು ಕೆಲಸ ಬಿಟ್ಟು ಒಳಗೆ ನುಗ್ಗಿ, ನಿಮ್ಮ ಅಡುಗೆಮನೆ ಸ್ವಿಚ್ಚಿನ ಹಿಂದಿನಿಂದ ವೈರು ಸುಡುವ ವಾಸನೆ ಬರುತ್ತಿದೆ ಅಂದರು. ಅಪ್ಪ ಸ್ವಿಚ್ ಬಿಚ್ಚಿಸಿ ನೋಡಿದರೆ ವೈರಿನ ಪ್ಲಾಸ್ಟಿಕ್ಕು ಕರಗಿ ಜೋತುಬಿದ್ದಿತ್ತು. ದಿನವಿಡೀ ಅಲ್ಲೇ ನಿಲ್ಲುತ್ತಿದ್ದ ನನಗೆ, ನಮ್ಮಮ್ಮನಿಗೆ ಏನೂ ತಿಳಿದಿರಲಿಲ್ಲ. ಇಂಥವನ ಕೈಗೆ ಮಗಳನ್ನು ಕೊಟ್ಟರೆ ಮನೆಗೆ ಬೆಂಕಿಯಂತೂ ಬೀಳುವುದಿಲ್ಲ ಅಂತ ಅಪ್ಪ ತೀರ್ಮಾನಿಸಿದರು. ಸಂಸಾರದಲ್ಲಿ ಆ ಮೂಗು ಕೊಟ್ಟ ಕಾಟ ಅಪ್ಪನಿಗೆ ಗೊತ್ತಿರಲಿಲ್ಲ. ಹಾಲು ತಳ ಹಿಡಿಯುವ ಮೊದಲೇ ಗೇಟಿನಿಂದ ಕೂಗು ಬರುತ್ತಿತ್ತು. ಹಾಸಿಗೆ ಬಿಸಿಲಿಗೆ ಹಾಕಿಲ್ಲ, ನೆಲ ಒರೆಸಿದ ಬಟ್ಟೆ ಒಣಗಿಲ್ಲ, ಈರುಳ್ಳಿ ಒಂದು ಚೂರು ಹೆಚ್ಚು ಹುರಿದಿದೆ. ಅತ್ತೆಯಿಲ್ಲದ ಮನೆ ಅಂತ ಖುಷಿಪಟ್ಟು ಬಂದಿದ್ದೆ, ಅತ್ತೆ ಇವರ ಮೂಗಿನಲ್ಲೇ ಕೂತಿದ್ದರು.

ಆ ಮೂಗು ಒಂದು ಜ್ವರಕ್ಕೆ ಹೋಯಿತು. ಊರಿಗೆಲ್ಲ ಬಂದಿದ್ದ ಜ್ವರ, ಎಲ್ಲರಂತೆ ಇವರೂ ಮಲಗಿ ಎದ್ದರು. ಎದ್ದ ಮೇಲೆ ಅಡುಗೆಗೆ ಹೆಸರಿಡುವುದು ನಿಂತಿತು. ಗಂಡ ಬದಲಾದ ಅಂತ ನಾನು ಒಳಗೊಳಗೇ ಹಿಗ್ಗಿದೆ. ಆಮೇಲೊಂದು ದಿನ ಬೀರುವಿನ ಹಿಂದೆ ಇಲಿ ಸತ್ತು, ಮನೆಯೊಳಗೆ ಕಾಲಿಡುವ ಹಾಗಿರಲಿಲ್ಲ. ನಾನು ಸೆರಗು ಮೂಗಿಗೆ ಒತ್ತಿಕೊಂಡು ಬಂದು ನೋಡಿದರೆ, ಇವರು ಅದೇ ಬೀರುವಿಗೆ ಒರಗಿಕೊಂಡು ಪೇಪರ್ ಓದುತ್ತ ಟೀ ಕುಡಿಯುತ್ತಿದ್ದಾರೆ. ನನ್ನ ಮುಖ ನೋಡಿ ಅವರಿಗೇ ತಿಳಿಯಿತು. ಲೋಟ ಕೆಳಗಿಟ್ಟು, ಯಾರಿಗೂ ಹೇಳಬೇಡ ಅಂದರು.

ಡಾಕ್ಟರು ಕಾಯಿರಿ ಅಂದರು, ಕಾದೆವು. ವಾಸನೆ ತಿಳಿಯುವುದು ಮರಳಿ ಬರಲಿಲ್ಲ. ಇವರಿಗೆ ಇದ್ದದ್ದು ಒಂದೇ ಭಯ. ಬೀದಿಗೆ ಗೊತ್ತಾದರೆ ಮುಗಿಯಿತು, ನಾಳೆಯಿಂದ ತಾನು ಹತ್ತರಲ್ಲಿ ಹನ್ನೊಂದನೆಯವ. ಆಗ ಇವರೇ ಒಂದು ಉಪಾಯ ಹೂಡಿದರು. ನಾನು ಬೆಳಿಗ್ಗೆ ಅಡುಗೆ ಮುಗಿಸಿ ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋಗುವುದು. ಪರೀಕ್ಷೆ ಮಾಡಬೇಕಾದ ಗಾಡಿಗಳನ್ನೆಲ್ಲ ಇವರು ಅಲ್ಲಿಯವರೆಗೆ ತಡೆದಿಡುವುದು. ನಾನು ಬಂದ ಮೇಲೆ ಎಣ್ಣೆ ತಿಕ್ಕಿ, ಮೂಸಿದ ಹಾಗೆ ಮಾಡಿ, ಬೆರಳನ್ನು ಬಟ್ಟೆಗೆ ಒರೆಸಿ, ಒಗೆಯುವುದಕ್ಕೆ ಹಾಕು ಅಂತ ಆ ಬಟ್ಟೆಯನ್ನು ನನ್ನತ್ತ ಎಸೆಯುವುದು. ನಾನು ಅದನ್ನು ಬಕೆಟ್ಟಿಗೆ ಹಾಕುವ ನೆಪದಲ್ಲಿ ಮೂಸಿ, ಸುಟ್ಟಿದ್ದರೆ ಸಂಜೆ ಬೇಗ ಬನ್ನಿ ಅನ್ನುವುದು, ಸುಟ್ಟಿಲ್ಲದಿದ್ದರೆ ಡಬ್ಬಿ ತೊಳೆದು ತನ್ನಿ ಅನ್ನುವುದು. ಗಾಡಿಯವರು ಗಂಡಹೆಂಡಿರ ಮಾತು ಅಂತ ಸುಮ್ಮನಿರುತ್ತಿದ್ದರು. ಪಕ್ಕದ ತಗಡು ಬಡಿಯುವ ಅಂಗಡಿಯವನು ಮಾತ್ರ, ಏನು ಮೇಸ್ತ್ರಿ, ಈಚೆಗೆ ಹೆಂಡತಿಯ ಮುಖ ನೋಡದೆ ಒಂದು ಬೋಲ್ಟೂ ಬಿಚ್ಚುವುದಿಲ್ಲವಲ್ಲ ಅಂತ ಕಿಚಾಯಿಸುತ್ತಿದ್ದ. ಇವರು ನಾಚಿಕೊಂಡವರಂತೆ ನಗುತ್ತಿದ್ದರು.

ಮೊದಮೊದಲು ನನಗೂ ಇದೊಂದು ಆಟದಂತಿತ್ತು. ಸುಟ್ಟ ಎಣ್ಣೆಯ ವಾಸನೆ ಒಮ್ಮೆ ಗೊತ್ತಾದರೆ ಮರೆಯುವಂಥದ್ದಲ್ಲ, ಗಂಟಲಿಗೇ ಬಂದು ಕೂರುತ್ತದೆ. ನಾನು ಒಮ್ಮೆಯೂ ತಪ್ಪಲಿಲ್ಲ. ಆದರೆ ಹೊಗಳಿಕೆಯೆಲ್ಲ ಇವರ ಮೂಗಿಗೆ, ನನ್ನ ಪಾಲಿಗೆ ಎಣ್ಣೆ ಬಟ್ಟೆಯ ಬಕೆಟ್ಟು. ಒಂದು ದಿನ ಕೇಳಿಯೇ ಬಿಟ್ಟೆ, ಎಷ್ಟು ದಿನ ಈ ಕಣ್ಣಾಮುಚ್ಚಾಲೆ ಅಂತ. ಇವರು ಎದ್ದು ಕೈ ತೊಳೆಯಲು ಹೋದರು. ನನಗೆ ಸಿಟ್ಟು ಬಂದಿತ್ತು, ಜೊತೆಗೆ ಪಾಪ ಅಂತಲೂ ಅನ್ನಿಸಿತ್ತು. ಸಿಟ್ಟನ್ನು ಮಾತ್ರ ತೋರಿಸಿದೆ.

ಹೀಗಿರುವಾಗ ನನಗೆ ನೆಗಡಿಯಾಯಿತು. ಸಾಧಾರಣ ನೆಗಡಿಯಲ್ಲ, ತಲೆ ಕುಂಬಳಕಾಯಿಯಾಗಿತ್ತು, ಎರಡೂ ಹೊಳ್ಳೆ ಬಂದ್. ಬೆಳಿಗ್ಗೆಯೇ ಇವರಿಗೆ ಹೇಳಿದೆ, ಇವತ್ತು ಯಾವ ಗಾಡಿಯ ಎಣ್ಣೆಯನ್ನೂ ಮುಟ್ಟಬೇಡಿ, ಬಂದವರಿಗೆ ನಾಳೆ ಬನ್ನಿ ಅನ್ನಿ, ಬೇಕಿದ್ದರೆ ಬರೀ ಬ್ರೇಕು ನೋಡಿಕೊಂಡಿರಿ ಅಂತ. ಹೂಂ ಅಂದು ಹೋದರು. ನಾನು ಹೊದ್ದು ಮಲಗಿದೆ.

ಆ ದಿನವೇ ಭಾವ ಬರಬೇಕೇ. ಭಾವ ಅಂದರೆ ಇವರ ಅಕ್ಕನ ಗಂಡ. ಆಫೀಸಿನಿಂದ ನಿವೃತ್ತರಾದ ಮೇಲೆ ಕಾರು ಕಲಿತವರು. ಕ್ಲಚ್ಚು ಗೇರು ಕೈಕಾಲಿಗೆ ಒಗ್ಗದೆ, ಯಾರೋ ಓಡಿಸಿ ಬಿಟ್ಟ ಹಳೆಯ ಆಟೋಮ್ಯಾಟಿಕ್ ಕಾರನ್ನು ಆಗಷ್ಟೇ ಕೊಂಡಿದ್ದರು. ಅವರ ಮಗಳು ಬೆಟ್ಟದಾಚೆಯ ಊರಿನ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿದ್ದಳು. ಅಕ್ಕ, ಭಾವ ಇಬ್ಬರೂ ಹೊರಟವರು, ಬೆಟ್ಟ ಹತ್ತುವ ಮೊದಲು ಭಾಮೈದನ ಕೈಯಿಂದ ಗಾಡಿ ನೋಡಿಸಿಕೊಂಡು ಹೋಗೋಣ ಅಂತ ಗ್ಯಾರೇಜಿಗೆ ಬಂದಿದ್ದಾರೆ. ಗೇರ್ ಎಣ್ಣೆ ಹಿಂದಿನವರು ಬದಲಾಯಿಸಿದ್ದಾರೋ ಇಲ್ಲವೋ ಗೊತ್ತಿಲ್ಲ, ಮೂಸಿ ಹೇಳು ಅಂತ ಭಾವ ಕಡ್ಡಿಯನ್ನು ತಾವೇ ಎಳೆದು ಕೊಟ್ಟರಂತೆ. ತಗಡು ಬಡಿಯುವವನೂ ಬಂದು ನಿಂತಿದ್ದನಂತೆ. ಇವರು ನಾಳೆ ಅನ್ನಲಿಲ್ಲ. ಬೇರೆ ಯಾರಿಗಾದರೂ ಅನ್ನುತ್ತಿದ್ದರೋ ಏನೋ. ಮದುವೆಯಾದಾಗಿನಿಂದ ಈ ಭಾವ ಇವರನ್ನು 'ಎಣ್ಣೆ ಕೈಯವನು' ಅಂತ ಒಂದು ಮೆಟ್ಟಿಲು ಕೆಳಗಿಟ್ಟು ಮಾತಾಡಿದವರು. ಅಂಥವರೇ ಮೂಸಿ ಹೇಳು ಅಂತ ಕೈ ಚಾಚಿದಾಗ ಇವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಇವರು ಕಣ್ಣು ಮುಚ್ಚಿದರು. ಬದಲಾಯಿಸೋಣ ಅಂದರು.

ಸಂಜೆಗೆ ಮುಂಚೆಯೇ ಮನೆಗೆ ಬಂದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತು, ತಲೆಯ ಮೇಲೆ ಟವೆಲ್ ಹೊದ್ದು, ಪಾತ್ರೆಯ ಬಿಸಿನೀರಿನ ಹಬೆ ತೆಗೆದುಕೊಳ್ಳುತ್ತಿದ್ದೆ. ಇವರು ಬಾಗಿಲ ಹತ್ತಿರವೇ ನಿಂತು, ಅಕ್ಕ ಬಂದಿದ್ದಳು, ಅವಸರದಲ್ಲಿದ್ದಳು, ನಿನ್ನನ್ನು ಕೇಳಿದಳು, ಭಾವನ ಗಾಡಿಗೆ ಎಣ್ಣೆ ಹಾಕಿ ಕಳಿಸಿದೆ ಅಂತ ಒಂದೇ ಉಸಿರಿಗೆ ಹೇಳಿದರು. ಹಬೆಗೆ ಒಂದು ಹೊಳ್ಳೆ ಪಟ್ಟನೆ ಬಿಟ್ಟುಕೊಂಡಿತ್ತು. ಟವೆಲ್ ಸರಿಸಿದೆ. ಇವರ ಅಂಗಿಯ ತೋಳಿಗೆ, ಮೊಣಕೈವರೆಗೆ, ಎಣ್ಣೆ ಹರಿದ ಕಲೆ. ವಾಸನೆ ಗಂಟಲಿಗೆ ಬಂದು ಕೂತಿತು.

"ರೀ, ಇದು ಯಾವ ಗಾಡಿ ಎಣ್ಣೆ?"

"ಭಾವಂದೇ. ಯಾಕೆ?"

"ಸುಟ್ಟಿದೆ."

ಇವರು ತೋಳನ್ನು ಮೂಗಿನ ಹತ್ತಿರ ತಂದುಕೊಂಡರು. ಹಳೆಯ ಅಭ್ಯಾಸ. ಆಮೇಲೆ ಕೈ ಕೆಳಗೆ ಬಿಟ್ಟರು.

ನಾನು ಬಾಯಿಗೆ ಬಂದಂತೆ ಬೈದೆ. ಬಣ್ಣ ಕಾಣಲಿಲ್ಲವಾ ಅಂದರೆ, ಕಂದಾಗಿತ್ತು, ಪೂರ್ತಿ ಕಪ್ಪಾಗಿರಲಿಲ್ಲ ಅಂದರು. ಎಣ್ಣೆ ಪೆಟ್ಟಿಗೆಯ ತಳದ ಬಟ್ಟಲು ಬಿಚ್ಚಿದಾಗ, ಸವೆದ ಲೋಹದ ಪುಡಿ ಹಿಡಿಯಲು ಅದರಲ್ಲಿಟ್ಟಿರುವ ಅಯಸ್ಕಾಂತಕ್ಕೆ ಏನು ಅಂಟಿತ್ತು ಅಂದೆ. ಈ ಮೂಸುವ ಕೆಲಸದಲ್ಲಿ ಇಷ್ಟಾದರೂ ನಾನು ಕಲಿತಿದ್ದೆ. ಕೆಸರು ಸ್ವಲ್ಪ ಜಾಸ್ತಿಯೇ ಇತ್ತು, ಬಟ್ಟಲ ಮೂಲೆಯಲ್ಲಿ ಕರಿ ಚೂರುಗಳೂ ಇದ್ದವು, ಹಳೆ ಗಾಡಿಯಲ್ಲವಾ ಅಂತ ಅಂದುಕೊಂಡೆ ಅಂದರು. ಅಂದುಕೊಂಡದ್ದಲ್ಲ, ಹಾಗೆ ಅಂದುಕೊಳ್ಳಬೇಕಾಗಿತ್ತು, ಅಷ್ಟೆ. ಅಷ್ಟು ವರ್ಷ ಕಣ್ಣು ಕಂಡದ್ದಕ್ಕೆಲ್ಲ ಮೂಗಿನ ಒಪ್ಪಿಗೆ ಕೇಳುತ್ತಿದ್ದ ಮನುಷ್ಯ, ಮೂಗು ಹೋದ ಮೇಲೆ ಕಣ್ಣನ್ನೂ ನಂಬಲಿಲ್ಲ.

ಕೈ ಬ್ರೇಕು ಹೇಗಿದೆ ಅಂತ ಕೇಳಿದೆ. ಅದು ಹೆಸರಿಗೆ ಮಾತ್ರ ಇದೆ, ಹಿಂದಿರುಗಿ ಬಂದ ಮೇಲೆ ನೋಡೋಣ ಅಂತ ಭಾವ ಅಂದಿದ್ದರಂತೆ. ಬೆಟ್ಟದ ಮೇಲಿನ ಅರ್ಧದಲ್ಲಿ ರಸ್ತೆ ಎದೆಯ ಮಟ್ಟಕ್ಕೆ ಎದ್ದು ನಿಂತ ಹಾಗಿದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಗೋಡೆ, ಅದರಾಚೆ ಏನೂ ಇಲ್ಲ. ಅಲ್ಲಿ ಗೇರು ಕೈಬಿಟ್ಟರೆ ಗಾಡಿ ಹಿಂದಕ್ಕೆ ಜಾರುತ್ತದೆ. ನುರಿತವನಾದರೆ ಬ್ರೇಕು ತುಳಿದು ನಿಲ್ಲಿಸಿಯಾನು. ಭಾವನೋ, ಒಮ್ಮೆ ಗಾಬರಿಯಾಗಿ ಮನೆಯ ಗೇಟಿನಲ್ಲೇ ಬ್ರೇಕೆಂದು ಎಕ್ಸಲರೇಟರ್ ತುಳಿದವರು.

ಇವರು ಫೋನ್ ಮಾಡಿದರು. ಭಾವ ಎತ್ತಿದರು. ಇವರು ನನ್ನ ಕಡೆ ಬೆನ್ನು ತಿರುಗಿಸಿ, ಎಣ್ಣೆಯ ಮಟ್ಟ ಇನ್ನೊಮ್ಮೆ ನೋಡಬೇಕಿತ್ತು ಭಾವ, ಬೆಟ್ಟದ ಬುಡದಲ್ಲೇ ನಿಂತಿರಿ, ನಾನೇ ಬರುತ್ತೇನೆ ಅಂದರು. ಭಾವ ನಿಲ್ಲುವ ಮಾತೇ ಇಲ್ಲ ಅಂದರು. ಆಸ್ಪತ್ರೆಯಿಂದ ಫೋನ್ ಬಂದಿದೆ, ನೋವು ಶುರುವಾಗಿದೆ, ನೀನು ಮೂಸಿ ಹಾಕಿದ ಎಣ್ಣೆಗೆ ಮತ್ತೆ ಮಟ್ಟ ಏನು ನೋಡುವುದು, ಗಾಡಿ ಬೆಣ್ಣೆಯ ಹಾಗೆ ಓಡುತ್ತಿದೆ ಅಂತ ಹೊಗಳಿ ಇಟ್ಟುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಮಟ್ಟವಂತೆ ಮಟ್ಟ. ನಿಮ್ಮ ಮರ್ಯಾದೆ ಉಳಿಸಿಕೊಂಡು ಅಕ್ಕನನ್ನು ಪ್ರಪಾತಕ್ಕೆ ಕಳಿಸುತ್ತೀರಾ ಅಂದೆ. ಇವರು ಕೀಲಿ ತೆಗೆದುಕೊಂಡು ಹೊರಟರು. ನಾನು ಒದ್ದೆ ಮುಖದಲ್ಲೇ, ಟವೆಲ್ ಹೆಗಲಿಗೆ ಹಾಕಿಕೊಂಡು, ಜೀಪು ಹತ್ತಿದೆ.

ನಮ್ಮ ಜೀಪು ಮುದಿ ಕತ್ತೆ, ಹೊಡೆದಷ್ಟೇ ಹೋಗುತ್ತದೆ. ಇವರು ಹೊಡೆದರು. ಗ್ಯಾರೇಜು ಬೀದಿ ದಾಟುವಾಗ ತಗಡು ಬಡಿಯುವವನು ಸುತ್ತಿಗೆ ಎತ್ತಿ ಏನೋ ಕೂಗಿದ, ನಿಲ್ಲಲಿಲ್ಲ. ನಾನು ಫೋನ್ ಒತ್ತುತ್ತಲೇ ಇದ್ದೆ. ಭಾವನದು ರಿಂಗಾಗಿ ನಿಲ್ಲುತ್ತಿತ್ತು, ಅಕ್ಕನದು ಸಿಗುತ್ತಲೇ ಇರಲಿಲ್ಲ. ಒಮ್ಮೆ ಇವರು, ಹಿಂದಿನ ಬುಟ್ಟಿಯಲ್ಲಿ ಚಕ್ರಕ್ಕೆ ಕೊಡುವ ಮರದ ತುಂಡು ಇದೆಯಾ ನೋಡು ಅಂದರು. ಇತ್ತು. ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಬೆಟ್ಟದ ಬುಡ ತಲುಪಿ ಮೊದಲ ತಿರುವು ಹತ್ತುವಾಗ ಭಾವನ ಫೋನ್ ಎತ್ತಿದ ಸದ್ದಾಯಿತು. ನಾನು ಸ್ಪೀಕರ್ ಹಾಕಿ ಇವರ ಬಾಯಿಯ ಮುಂದೆ ಹಿಡಿದೆ. ಇನ್ನೂ ಒಂದು ಕ್ಷಣ ತಡೆದಿದ್ದರೆ ನಾನೇ ಹೇಳಿಬಿಡುತ್ತಿದ್ದೆ.

"ಭಾವ, ಗಾಡಿ ನಿಲ್ಸಿ. ನಾನು ಮೂಸಿ ನೋಡಿಲ್ಲ. ನನ್ನ ಮೂಗು ಹೋಗಿದೆ. ಜ್ವರ ಬಂದಾಗಿಂದ ಏನೂ ವಾಸನೆ ಬರಲ್ಲ."

ಆ ಕಡೆ ಭಾವ ನಕ್ಕರು. ನಿಜವಾಗಿ ನಕ್ಕರು.

"ನಿನ್ನ ಮೂಗಾ? ಮನೇಲಿ ಜಗಳ ಆಡ್ಕೊಂಡು ಬಂದಿದೀಯೇನಯ್ಯಾ? ತಮಾಷೆಗೂ ಒಂದು ಹೊತ್ತು ಗೊತ್ತು ಬೇಡ್ವಾ?"

ಇವರು ಅದನ್ನೇ ಮತ್ತೆ ಹೇಳಿದರು. ಭಾವ ನಂಬಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರೇ ಅಡ್ಡ ಬಂದು ನಿಂತಿತು. ಸುಳ್ಳಿಗೆ ಸಿಕ್ಕ ನಂಬಿಕೆ ನಿಜಕ್ಕೆ ಸಿಗಲಿಲ್ಲ. ನಾನು ಫೋನಿಗೆ ಬಾಯಿ ಹಾಕಿ, ಅಕ್ಕನ ಕೈಗೆ ಕೊಡಿ ಅಂತ ಕಿರುಚಿದೆ. ಅಕ್ಕ ಏನೋ ಅಂದದ್ದು ಕೇಳಿಸಿತು.

"ಅಕ್ಕಾ," ಅಂದರು ಇವರು. ಸ್ಟೀರಿಂಗ್ ಹಿಡಿದುಕೊಂಡೇ ಅತ್ತರು. ಅವರ ಅಪ್ಪ ಹೋದಾಗಲೂ ನಾನು ಈ ಮನುಷ್ಯ ಅತ್ತದ್ದು ಕಂಡಿರಲಿಲ್ಲ. "ಅಕ್ಕಾ, ಇಳಿದ್ಬಿಡು. ಭಾವನ ಮಾತು ಕೇಳ್ಬೇಡ. ನಾನು ಸುಳ್ಳು ಹೇಳಿ ಕಳಿಸಿದೀನಿ. ನೀನು ಇಳಿ."

ಅಕ್ಕ ಏನಾದರೂ ಅನ್ನುವ ಮೊದಲೇ ಸಿಗ್ನಲ್ ಹೋಯಿತು.

ಆಮೇಲಿನ ದಾರಿಯನ್ನು ನಾನು ಈಗಲೂ ನೆನೆಯಲು ಇಷ್ಟಪಡುವುದಿಲ್ಲ. ಒಂದೊಂದು ತಿರುವಿನಲ್ಲೂ ನಾನು ಮೊದಲು ನೋಡುತ್ತಿದ್ದದ್ದು ಅಂಚಿನ ಗೋಡೆಯನ್ನು, ಎಲ್ಲಾದರೂ ಕಲ್ಲು ಕಿತ್ತಿದೆಯಾ ಅಂತ. ಎದುರಿನಿಂದ ಇಳಿದುಬಂದ ಲಾರಿಯವನನ್ನು ತಡೆದು ಕೇಳಿದೆವು. ಹೌದು, ಒಂದು ಬಿಳಿ ಕಾರು ಮೇಲೆ ಹೋಗುತ್ತಿತ್ತು, ಎಂಜಿನ್ ತುಂಬ ಸದ್ದು ಮಾಡುತ್ತಿತ್ತು ಅಂದ. ಎಂಜಿನ್ ಸದ್ದು ಅಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಜಾರಲು ಶುರುವಾಗಿದೆ.

ಕಿಟಕಿ ಇಳಿಸು ಅಂದರು ಇವರು. ಇಳಿಸಿದೆ. ಚಳಿಗಾಳಿ ಮುಖಕ್ಕೆ ಬಡಿಯಿತು. ತೆರೆದಿದ್ದ ಒಂದು ಹೊಳ್ಳೆ ಮತ್ತೆ ಕಟ್ಟಿಕೊಳ್ಳದಿರಲಿ ಅಂತ ಬೇಡಿಕೊಳ್ಳುತ್ತ ತಲೆಯನ್ನು ಹೊರಗೆ ಹಾಕಿದೆ. ಮಣ್ಣು, ಹೊಗೆ, ಒಣಗಿದ ಎಲೆ. ಎರಡು ತಿರುವು ಕಳೆಯಿತು.

"ಬಂತಾ?" ಅಂದರು.

"ಇಲ್ಲ."

ಇನ್ನೊಂದು ತಿರುವು.

"ಬಂತಾ?"

"ಬಂತು," ಅಂದೆ.

ಅದು ತೋಳಿನ ಕಲೆಯ ವಾಸನೆಯೇ. ಆದರೆ ಬಿಸಿಯಾಗಿ, ಹಸಿಯಾಗಿ, ಈಗಷ್ಟೇ ಸುಟ್ಟದ್ದು.

ಮುಂದಿನ ತಿರುವಿನಲ್ಲಿ ಕಾರು ರಸ್ತೆಗೆ ಅಡ್ಡಡ್ಡ ನಿಂತಿತ್ತು. ಹಿಂದಿನ ಬಂಪರು ಅಂಚಿನ ಗೋಡೆಗೆ ತಾಗಿ ಗೋಡೆಯ ಒಂದು ಕಲ್ಲು ವಾಲಿತ್ತು. ಹಿಂದಿನ ಚಕ್ರದ ಕೆಳಗೆ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಅಕ್ಕ ಇನ್ನೊಂದು ಕಲ್ಲನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ, ಕೂದಲು ಕೆದರಿಕೊಂಡು ನಿಂತಿದ್ದರು. ತಮ್ಮನ ಅಳು ಕೇಳಿದ್ದೇ ಅಕ್ಕ ಬಾಗಿಲು ತೆಗೆದು, ನಿಲ್ಲಿಸದಿದ್ದರೆ ಹಾರುತ್ತೇನೆ ಅಂದಿದ್ದರಂತೆ. ಭಾವ ನಿಲ್ಲಿಸಿ ಅವರನ್ನು ಇಳಿಸಿ, ಹುಚ್ಚು ಹೆಂಗಸು, ತಿರುವು ದಾಟಿಸಿಯಾದರೂ ನಿಲ್ಲಿಸುತ್ತೇನೆ ಅಂತ ಮತ್ತೆ ಎಕ್ಸಲರೇಟರ್ ಒತ್ತಿದ್ದಾರೆ. ಎಂಜಿನ್ ಅರಚಿತು, ಗಾಡಿ ಹಿಂದಕ್ಕೆ ಹೊರಟಿತು. ಅಕ್ಕ ರಸ್ತೆಯ ಬದಿಯಲ್ಲಿದ್ದ ಕಲ್ಲನ್ನು ಎತ್ತಿ ಚಕ್ರದ ಹಿಂದೆ ಎಸೆದದ್ದಕ್ಕೆ ನಿಂತಿತು.

ಭಾವ ಒಳಗೇ ಇದ್ದರು. ಬ್ರೇಕಿನ ಮೇಲೆ ಎರಡೂ ಕಾಲು. ಇವರು ಓಡಿಹೋಗಿ ಮರದ ತುಂಡನ್ನು ಇನ್ನೊಂದು ಚಕ್ರದ ಹಿಂದೆ ಒದ್ದು ಸಿಕ್ಕಿಸಿದರು. ಅಕ್ಕನ ಕೈಯ ಕಲ್ಲನ್ನೂ ಇಸಿದುಕೊಂಡು ಇಟ್ಟರು. ಕಿಟಕಿಯ ಹತ್ತಿರ ಬಂದು, ಮೆಲ್ಲಗೆ, ಈಗ ಕಾಲು ತೆಗೀರಿ ಭಾವ, ಗಾಡಿ ಕದಲುವುದಿಲ್ಲ ಅಂದರು.

ಭಾವ ಕಾಲು ತೆಗೆಯಲಿಲ್ಲ. ಇವರ ಕಡೆ ನೋಡಲೂ ಇಲ್ಲ. ಇವರನ್ನು ದಾಟಿ ನನ್ನನ್ನು ನೋಡಿದರು.

"ಅವನು ಹೇಳೋದು ಬೇಡ. ನೀನು ನೋಡಿ ಹೇಳಮ್ಮ."

ಇವರು ಪಕ್ಕಕ್ಕೆ ಸರಿದರು. ನಾನು ರಸ್ತೆಯ ಮೇಲೆ ಮಂಡಿಯೂರಿ ಒಂದೊಂದು ಚಕ್ರವನ್ನೂ ಬಗ್ಗಿ ನೋಡಿದೆ. ಕೈಯಿಂದ ಕಲ್ಲನ್ನು ಅಲ್ಲಾಡಿಸಿ ನೋಡಿದೆ. ನನಗೆ ಅದೆಷ್ಟು ಗೊತ್ತಾಯಿತೋ ದೇವರಿಗೇ ಗೊತ್ತು. ಇವರ ಮುಖ ನೋಡಿದೆ, ಇವರು ತಲೆಯಾಡಿಸಿದರು. ಸರಿಯಾಗಿದೆ, ತೆಗೀರಿ ಅಂತ ನಾನು ಹೇಳಿದೆ. ಭಾವ ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ತೆಗೆದರು. ಗಾಡಿ ಒಮ್ಮೆ ಕೊಸರಿ ನಿಂತಿತು. ಭಾವ ಇಳಿದು ಬಂಡೆಗೆ ಆನಿಕೊಂಡು ಕೂತುಬಿಟ್ಟರು.

ಕೂತಿರಲು ಸಮಯವಿರಲಿಲ್ಲ. ಅವರನ್ನು ಜೀಪಿಗೆ ಹತ್ತಿಸಿ, ಚೀಲಗಳನ್ನು ಎಸೆದು, ಹೊರಟೆವು. ಭಾವ ಮುಂದೆ ಇವರ ಪಕ್ಕ ಕೂರಲು ಒಪ್ಪಲಿಲ್ಲ, ಹಿಂದೆ ಬಂದು ಕೂತರು. ಅಕ್ಕನೂ ಹಿಂದೆ. ನಾನು ಮುಂದೆ. ಬೆಟ್ಟದ ತುದಿ ದಾಟಿ ಇಳಿಯತೊಡಗಿದಾಗ ಅಕ್ಕ ಮುಂದಕ್ಕೆ ಬಾಗಿ ನನ್ನ ಕಿವಿಯ ಹತ್ತಿರ, ಹಾಗಾದರೆ ಅವನಿಗೆ ಊಟದ ರುಚಿಯೂ ಗೊತ್ತಾಗುವುದಿಲ್ಲವಾ ಅಂತ ಕೇಳಿದರು. ಉಪ್ಪು ಖಾರ ಅಷ್ಟೇ ಗೊತ್ತಾಗುತ್ತದೆ ಅಂದೆ. ಅಕ್ಕ ಹಿಂದಕ್ಕೆ ಒರಗಿ ಸೆರಗಿನಿಂದ ಮುಖ ಒರೆಸಿಕೊಂಡರು. ಇವರಿಗೆ ಕೇಳಿಸಿತೋ ಇಲ್ಲವೋ, ಕಣ್ಣು ರಸ್ತೆಯ ಮೇಲೆಯೇ ಇತ್ತು.

ಆಸ್ಪತ್ರೆ ತಲುಪಿದಾಗ ಅಕ್ಕನ ಮಗಳು ಇನ್ನೂ ಹೆರಿಗೆ ಕೋಣೆಯಲ್ಲೇ ಇದ್ದಳು. ಅಕ್ಕ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಓಡಿದರು. ನಾನೂ ಹೋದೆ. ಉದ್ದನೆಯ ಹಜಾರ, ಗೋಡೆಗೆ ಒತ್ತಿಟ್ಟ ಬೆಂಚು, ಫಿನಾಯಿಲ್ ವಾಸನೆ. ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದು ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದಳು. ಅಕ್ಕ ನನ್ನನ್ನು ತಬ್ಬಿಕೊಂಡರು. ಆಗ ನೋಡುತ್ತೇನೆ, ಇವರೂ ಇಲ್ಲ, ಭಾವನೂ ಇಲ್ಲ.

ಹೊರಗೆ ಬಂದೆ. ಇವರು ಜೀಪಿನಿಂದ ಇಳಿದೇ ಇರಲಿಲ್ಲ. ಸ್ಟೀರಿಂಗ್ ಹಿಡಿದು ಕೂತಿದ್ದರು. ಭಾವ ಬಾಗಿಲ ಹೊರಗೆ, ಕಿಟಕಿಯ ಚೌಕಟ್ಟಿನ ಮೇಲೆ ಮೊಣಕೈ ಊರಿ ನಿಂತಿದ್ದರು. ನನ್ನನ್ನು ಕಂಡರೂ ಇಬ್ಬರೂ ತಿರುಗಲಿಲ್ಲ. ಬೈಗುಳ ಶುರುವಾಗಿದೆ ಅಂದುಕೊಂಡೆ, ಬೈಯಲಿ, ಬೈಯಬೇಕಾದ್ದೇ ಅಂತಲೂ ಅಂದುಕೊಂಡೆ. ಆದರೆ ಭಾವನ ದನಿ ಏರಿರಲಿಲ್ಲ.

"ನೀನು ಫೋನ್ ಮಾಡದೇ ಇದ್ದಿದ್ರೆ," ಅನ್ನುತ್ತಿದ್ದರು, "ನಾವು ಉಳ್ಕೊಂಡಿದ್ರೂ ಇದು ನಿನ್ನ ತಪ್ಪು ಅಂತ ನನಗೆ ಗೊತ್ತಾಗ್ತಿರಲಿಲ್ಲ. ಹಳೇ ಗಾಡಿ, ನನ್ನ ಹಣೆಬರಹ, ಅಂದ್ಕೊಂಡು ಸುಮ್ನಾಗ್ತಿದ್ದೆ. ನಾಳೆ ಗಾಡಿ ನಿನ್ನ ಹತ್ರಾನೇ ರಿಪೇರಿಗೆ ತಂದಿರ್ತಿದ್ದೆ. ಈಗ ಏನಂತ ಅಂದ್ಕೊಳ್ಳಲಿ? ಯಾರನ್ನ ಅನ್ನಲಿ, ಹೇಳು."

ಇವರು ಸ್ಟೀರಿಂಗಿನಿಂದ ಕೈ ತೆಗೆದರು.

"ನನ್ನನ್ನೇ ಅನ್ನಿ ಭಾವ."

ಭಾವ ಇವರ ಮುಖವನ್ನೇ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಇವರನ್ನು ಹಾಗೆ ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಒಬ್ಬ ಆಸ್ಪತ್ರೆಯ ಆಯಾ ಬಕೆಟ್ ಹಿಡಿದು ನಮ್ಮನ್ನು ಬಳಸಿಕೊಂಡು ಹೋದಳು.

"ಸರಿ, ಅಂದಾಯ್ತು," ಅಂದರು ಭಾವ. ಜೀಪಿನ ಬಾಗಿಲು ತೆಗೆದರು. "ಇಳಿ ಈಗ. ನಿಮ್ಮಕ್ಕ ಹುಡುಕ್ತಿರ್ತಾಳೆ."

ಇವರು ಇಳಿಯಲು ಕಾಲು ಕೆಳಗಿಟ್ಟರು. ಭಾವ ರಟ್ಟೆ ಹಿಡಿದುಕೊಂಡರು. ಅಂಗಿಯ ತೋಳಿನ ಎಣ್ಣೆಯೆಲ್ಲ ಅವರ ಕೈಗೆ ಅಂಟಿತು, ಅವರು ಬಿಡಲಿಲ್ಲ.